ರಾತ್ರಿ ಎರಡು ಗಂಟೆಯವರೆಗೆ ಫೈಲ್ ತೆರೆದು ನೋಡುವ ಹುಡುಗಿ

(ಆಕೆಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.)

ಕಾಸರಗೋಡಿನ ಬದಿಯಡ್ಕದ ಕಡೆಯ ಹುಡುಗಿ, ವಯಸ್ಸು ಮೂವತ್ತರೊಳಗೆ. ಕಂಪ್ಯೂಟರ್ ಓದಿದ್ದಾಳೆ. ಗಡಿನಾಡಿನ ಹಳೆ ಕನ್ನಡ ಪುಸ್ತಕಗಳ ಪಟ್ಟಿ ಮಾಡುವ ಒಂದು ಕಡೆ ಕೆಲಸ. ನಿದ್ದೆ ಇಲ್ಲ ಎಂದು ಆಪ್ತಸಲಹೆಗೆ ನನ್ನಲ್ಲಿಗೆ ಬಂದಿದ್ದಳು. ರಾತ್ರಿ ಊಟವಾದ ಮೇಲೆ ಲ್ಯಾಪ್‌ಟಾಪ್ ಮುಂದೆ ಕೂತರೆ ಎರಡು ಗಂಟೆಯವರೆಗೂ ಫೈಲ್ ತೆರೆಯುವುದು, ನೋಡುವುದು, ಮುಚ್ಚುವುದು. ಮುಚ್ಚಿದ್ದನ್ನೇ ಮತ್ತೆ ತೆರೆಯುವುದು. "ನೋಡಿ ಆಗಿದೆ ಅಂತ ಗೊತ್ತು ಮೇಡಂ, ಆದ್ರೂ ಬಿಡ್ಲಿಕ್ಕೆ ಆಗುದಿಲ್ಲ" ಎಂದಳು. ಯಾವನೋ ಹುಡುಗನ ಜೊತೆ ಚಾಟ್ ಇರಬೇಕು ಅಂತ ಅಮ್ಮನಿಗೆ ಗುಮಾನಿ.

ಆ ಫೈಲಿನಲ್ಲಿ ಏನಿದೆ ಎಂದು ಕೇಳಿದೆ. ಕಾಗದದ ಮೇಲೆ ಬರೆದು ತೋರಿಸಿದಳು.

ಶೀರ್ಷಿಕೆ:
ಲೇಖಕ:
ವರ್ಷ: 1935
ಮುದ್ರಣ ಸ್ಥಳ: ಕಾಸರಗೋಡು
ಜಿಲ್ಲೆ:
ರಾಜ್ಯ:

ಒಂದು ಪುಸ್ತಕಕ್ಕೆ ಒಂದು ಟೆಕ್ಸ್ಟ್ ಫೈಲ್. ಹಾಗೆ ಸಾವಿರಾರು. ಒಬ್ಬ ನಿವೃತ್ತ ಕನ್ನಡ ಮಾಷ್ಟ್ರು ಪುಸ್ತಕ ಕೈಯಲ್ಲಿ ಹಿಡಿದು ವರ್ಷಗಟ್ಟಲೆ ಟೈಪ್ ಮಾಡಿದ್ದು. ಜಿಲ್ಲೆ, ರಾಜ್ಯ ಎಷ್ಟೋ ಕಡೆ ಖಾಲಿ. ಖಾಲಿ ಇರಬಾರದು, ಬೇಗ ತುಂಬಿಸಿ ಎಂದು ಮೇಲಿನವರು ಹೇಳಿದರು. ಇವಳು ಪದ ಹುಡುಕಿಕೊಡುವ ಕಂಪ್ಯೂಟರ್ ಆದೇಶ ಗ್ರೆಪ್‌ನಿಂದ ಕಾಸರಗೋಡು ಇರುವ ಫೈಲುಗಳನ್ನು ಆರಿಸಿ, ಬರಹವನ್ನು ಒಟ್ಟಿಗೇ ತಿದ್ದುವ ಆದೇಶ ಸೆಡ್‌ನಿಂದ 'ಜಿಲ್ಲೆ: ಕಾಸರಗೋಡು', 'ರಾಜ್ಯ: ಕೇರಳ' ಎಂದು ತುಂಬಿಸಿಬಿಟ್ಟಳು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಮುಗಿಯಿತು.

ಎಡವಟ್ಟು ಎಲ್ಲಿ ಅಂತ ಕಾಸರಗೋಡಿನವರಿಗೆ ಹೇಳಬೇಕಾಗಿಲ್ಲ. 1935ರಲ್ಲಿ ಕೇರಳ ರಾಜ್ಯ ಎಲ್ಲಿತ್ತು? 1956ರ ನವೆಂಬರ್ 1ರವರೆಗೆ ನಮ್ಮದು ಮದ್ರಾಸಿಗೆ ಸೇರಿದ ದಕ್ಷಿಣ ಕನ್ನಡ. 1957ರಿಂದ ಕಣ್ಣೂರು ಜಿಲ್ಲೆ. ಕಾಸರಗೋಡು ಬೇರೆ ಜಿಲ್ಲೆಯಾದದ್ದು 1984ರ ಮೇ 24ಕ್ಕೆ. ಇದೆಲ್ಲ ಅವಳಿಗೂ ಗೊತ್ತಿತ್ತು. ಎಂಟರ್ ಒತ್ತಿದ ಮೇಲೆ ನೆನಪಾಯಿತು, ಅಷ್ಟೆ.

ಬ್ಯಾಕಪ್ ಇರಲಿಲ್ವಾ ಎಂದೆ. ಇತ್ತು. ಸೆಡ್ ಫೈಲನ್ನು ಅಲ್ಲೇ ತಿದ್ದುವಾಗ ಹಳೆಯದನ್ನು 'ಬಿಎಕೆ' ಎಂಬ ಬಾಲ ಅಂಟಿಸಿ ಉಳಿಸುವಂತೆ ಹೇಳಬಹುದು, ಹೇಳಿದ್ದಳು. ಆದರೆ ಕೆಲವು ಫೈಲುಗಳಲ್ಲಿ ಕೋಲನ್ ಆದ ಮೇಲೆ ಒಂದು ಸ್ಪೇಸ್ ಉಳಿದಿತ್ತು. ಕೋಲನ್‌ಗೇ ಮುಗಿಯುವ ಸಾಲನ್ನು ಮಾತ್ರ ಸೆಡ್ ಹುಡುಕಿದ್ದರಿಂದ ಅವು ತುಂಬಲಿಲ್ಲ. ಸರಿಪಡಿಸಿ ಎರಡನೇ ಸಲ ಓಡಿಸಿದಾಗ ಬ್ಯಾಕಪ್ಪಿನ ಮೇಲೇ ಬ್ಯಾಕಪ್ ಕೂತಿತು. ಮೊದಲಿನ ಪ್ರತಿ ಹೋಯಿತು. ಈಗ 'ಕಾಸರಗೋಡು' ಎಂದು ಇರುವ ಕಡೆ ಯಾವುದು ಮಾಷ್ಟ್ರು ಟೈಪ್ ಮಾಡಿದ್ದು, ಯಾವುದು ಅವಳ ಸ್ಕ್ರಿಪ್ಟ್ (ಆ ಆದೇಶಗಳ ಸಾಲು) ತುಂಬಿಸಿದ್ದು ಎಂದು ಹೇಳುವಂತಿಲ್ಲ.

ನನಗೆ ವಿಷಯ ಹೊಳೆದದ್ದು ಇಲ್ಲಿ. ಕಣ್ಣಿಗೆ ಕಾಣದ ವ್ಯತ್ಯಾಸವನ್ನು ಅವಳು ಕಣ್ಣಿನಿಂದಲೇ ಹುಡುಕುತ್ತಿದ್ದಳು. ಸಾವಿರ ಸಲ ತೆರೆದರೂ ಸಿಗುವುದಿಲ್ಲ. ಅದರ ಮೇಲೆ, ಒಂದನ್ನೇ ಪದೇ ಪದೇ ಪರೀಕ್ಷಿಸಿದಷ್ಟೂ 'ನಾನು ಸರಿಯಾಗಿ ನೋಡಿದೆ' ಎಂಬ ಧೈರ್ಯ ಕಡಿಮೆಯಾಗುತ್ತದೆ. ಪ್ರಯೋಗಗಳಲ್ಲೂ ಇದು ಕಂಡುಬಂದಿದೆ. ಬೀಗ ಹಾಕಿದೆನಾ ಎಂದು ಮತ್ತೆ ಮತ್ತೆ ಎಳೆದು ನೋಡುವವರನ್ನು ಕೇಳಿ.

ಇಂಥವರಿಗೆ ನಾವು ಸಾಮಾನ್ಯವಾಗಿ 'ಭಯ ಸುಳ್ಳು, ನೋಡುವುದನ್ನು ನಿಲ್ಲಿಸು' ಎನ್ನುತ್ತೇವೆ. ಇಲ್ಲಿ ಹಾಗೆನ್ನಲು ಬರುತ್ತಿರಲಿಲ್ಲ. ಭಯದಲ್ಲಿ ಅರ್ಧ ನಿಜ ಇತ್ತು. ತಪ್ಪು ಆಗಿದೆ, ಒಬ್ಬರಿಗೆ ಹೇಳಬೇಕಿದೆ, ಹೇಳಿಲ್ಲ. ಸರಿಯಾದ ಹಳೆ ಪ್ರತಿ ಇದ್ದರೆ ಅದು ಮಾಷ್ಟ್ರ ಪೆನ್‌ಡ್ರೈವಿನಲ್ಲಿ. ಅದನ್ನು ಕೇಳಬೇಕಾದರೆ ವಿಷಯ ಬಾಯಿಬಿಡಬೇಕು. "ಅವರು ಬೈದ್ರೆ ಎಂತ?" ಎಂದೆ. "ಬೈಯುವವರಲ್ಲ ಮೇಡಂ. ಅದೇ ಕಷ್ಟ."

ಹಾಗಾಗಿ ಮೊದಲ ಸಲಹೆ ಮಾಷ್ಟ್ರ ಮನೆಗೆ ಹೋಗುವುದು. ಏನು ಹೇಳಬೇಕೆಂದು ಇಲ್ಲೇ ಕೂತು ಅಭ್ಯಾಸ ಮಾಡಿದೆವು. ಅವಳ ಮೊದಲ ಪ್ರಯತ್ನದಲ್ಲಿ ಬರೀ ಕ್ಷಮೆಯೇ ಇತ್ತು. ಕೇಳಿದವರು ಇವಳನ್ನು ಸಮಾಧಾನ ಮಾಡುತ್ತಾ ಕೂರಬೇಕು, ಅಷ್ಟು. ಕಡಿದು ಕಡಿದು ಇಷ್ಟು ಉಳಿಸಿದೆವು: "ಮಾಷ್ಟ್ರೇ, ನೀವು ಖಾಲಿ ಬಿಟ್ಟ ಜಿಲ್ಲೆಯನ್ನು ನಾನು ಸ್ಕ್ರಿಪ್ಟಿನಲ್ಲಿ ತುಂಬಿಸಿದೆ. ಹಳೆ ಪುಸ್ತಕಗಳಿಗೆ ಅದು ತಪ್ಪು. ಮೊದಲಿನ ಪ್ರತಿ ನಿಮ್ಮಲ್ಲಿ ಉಂಟಾ?"

ರಾತ್ರಿಯ ವಿಷಯಕ್ಕೆ ಬೇರೆ ಕಟ್ಟುಪಾಡು. ಊಟದ ನಂತರ ಆ ಫೋಲ್ಡರ್ ಇಲ್ಲ. ನೋಡಲೇಬೇಕು ಅನ್ನಿಸಿದರೆ ಫೈಲಿನ ಹೆಸರು ಚೀಟಿಯಲ್ಲಿ ಬರೆದಿಡುವುದು, ಬೆಳಿಗ್ಗೆ ಕೆಲಸದ ಹೊತ್ತಿನಲ್ಲಿ ಒಂದೇ ಸಲ ನೋಡುವುದು. ಮೊದಮೊದಲು ಚಡಪಡಿಕೆ ಜಾಸ್ತಿಯೇ ಆಗುತ್ತದೆ ಎಂದೂ ಹೇಳಿದೆ. ಅದನ್ನು ಮುಚ್ಚಿಟ್ಟರೆ ಜನ ಎರಡೇ ದಿನಕ್ಕೆ ಬಿಟ್ಟುಬಿಡುತ್ತಾರೆ. ಇದಕ್ಕೂ ಬಗ್ಗದೆ ಸ್ನಾನ, ಅಡುಗೆ, ಬಾಗಿಲು ಎಲ್ಲಕ್ಕೂ ಹಬ್ಬಿದರೆ ಮನೋವೈದ್ಯರನ್ನು ಕಾಣಬೇಕು. ಈಗಲೇ ಕಾಯಿಲೆಯ ಹೆಸರು ಹಚ್ಚಲು ನನಗೆ ಮನಸ್ಸಾಗಲಿಲ್ಲ.

ಪೆನ್‌ಡ್ರೈವ್ ಇತ್ತು. ಎರಡು ಫೋಲ್ಡರನ್ನು, ವ್ಯತ್ಯಾಸ ತೋರಿಸುವ ಆದೇಶ ಡಿಫ್‌ನಲ್ಲಿ ಹೋಲಿಸಿದಾಗ ಬದಲಾದ ಸಾಲುಗಳು ಮಾತ್ರ ಪಟಪಟನೆ ಬಂದವಂತೆ. ಮಾಷ್ಟ್ರು ಹೇಳಿದ್ದನ್ನು ಬಂದು ಹೇಳಿದಳು: "ಮರ್ತು ಬಿಟ್ಟದ್ದಲ್ಲ ಮಗಾ. ಆಗಿನ ಜಿಲ್ಲೆ ಹಾಕುದಾ, ಈಗಿನದ್ದು ಹಾಕುದಾ ಅಂತ ನನಗೇ ತೀರ್ಮಾನ ಆಗಿರ್ಲಿಲ್ಲ."

ಈಗ ಇಬ್ಬರೂ ಸೇರಿ ಜಿಲ್ಲೆಯನ್ನು ಎರಡು ಸಾಲು ಮಾಡಿದ್ದಾರೆ, ಮುದ್ರಣವಾದಾಗಿನದು ಮತ್ತು ಈಗಿನದು. ಆಕ್ ಎಂಬ ಕಂಪ್ಯೂಟರ್ ಭಾಷೆಯ ಸಣ್ಣ ಸ್ಕ್ರಿಪ್ಟ್ ಒಂದು ವರ್ಷ ನೋಡಿ ತುಂಬುತ್ತದೆ. ವರ್ಷ ಇಲ್ಲದಿದ್ದರೆ ಖಾಲಿ ಬಿಡುತ್ತದೆ. ಯಂತ್ರ ತುಂಬಿಸಿದ ದಾಖಲೆಯಲ್ಲಿ 'ತುಂಬಿಸಿದ್ದು: ಸ್ಕ್ರಿಪ್ಟ್' ಎಂಬ ಸಾಲೂ ಸೇರುತ್ತದೆ. ಇದು ಅವಳದೇ ಯೋಚನೆ. ಮೊದಲು ಬೇರೆ ಫೋಲ್ಡರಿಗೆ ಬರೆದು, ಹೋಲಿಸಿ, ಆಮೇಲೆ ಅಸಲಿನ ಮೇಲೆ ಹಾಕುತ್ತಾಳೆ.

ಚೀಟಿಗಳು ಇನ್ನೂ ಬೀಳುತ್ತಿವೆ, ಮೊದಲಿನಷ್ಟಲ್ಲ. ಖಾಲಿ ಯಾಕೆ ಉಳಿದಿದೆ ಎಂದು ಮೇಲಿನವರು ಮತ್ತೆ ಕೇಳಿದ್ದಾರಂತೆ. ಅದಕ್ಕೆ ನೀನೊಬ್ಬಳೇ ಉತ್ತರ ಬರೆಯಬೇಡ, ಮಾಷ್ಟ್ರ ಸಹಿಯೂ ಇರಲಿ ಎಂದಿದ್ದೇನೆ.