ಹಿಂದೆ ನಿಂತವರ ಹೆಸರು ಗೊತ್ತಾ?

ಸಕಲೇಶಪುರ ಕಡೆಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು: "ನಮ್ಮ ಧರ್ಮಕೇಂದ್ರಕ್ಕೆ (ಊರಿನ ಕಥೋಲಿಕ ಚರ್ಚಿಗೆ) ಮುಂದಿನ ವರ್ಷ ಐವತ್ತು ತುಂಬತ್ತೆ. ಭಾನುವಾರದ ಪೂಜೆಗೆ ಅರ್ಧ ಬೆಂಚು ಖಾಲಿ. ಹುಡುಗರೆಲ್ಲ ಬೆಂಗಳೂರು ಸೇರ್ಕೊಂಡ್ರು, ಇರೋರು ಬರಲ್ಲ. ನಮ್ಮ ಜನಾನೇ ಕಮ್ಮಿ ಆಗ್ಬಿಟ್ಟಿದ್ದಾರೆ, ಎಸ್ಟೇಟಿಗೆ ಬಂದಿರೋ ಹೊರಗಿನ ಕೂಲಿಯವರು ಒಂದಿಪ್ಪತ್ತು ಜನ ಹಿಂದೆ ನಿಂತು ಹೋಗ್ತಾರೆ ಅಷ್ಟೇ. ಅದಕ್ಕೆ ಪ್ರಾರ್ಥನೆ, ಬೋಧನೆ ಅಂತ ಮೂರು ದಿನದ ದೊಡ್ಡ ಧ್ಯಾನಕೂಟ ಮಾಡೋಣ ಅಂತಿದ್ದೀವಿ. ಪೆಂಡಾಲ್, ಸೌಂಡ್, ಎಲ್‌ಇಡಿ ಸ್ಕ್ರೀನ್, ಊಟ ಎಲ್ಲ ಸೇರಿ ನಾಲ್ಕೂವರೆ ಲಕ್ಷ ಎಸ್ಟಿಮೇಟ್. ಒಳ್ಳೆ ಬೋಧಕರ ಹೆಸರು ತಿಳಿಸಿ. ಮೊದಲು ವಿಶ್ವಾಸ ಗಟ್ಟಿ ಆದ್ರೆ ಸೇವೆ ತಾನಾಗೇ ಬರತ್ತೆ ಅಲ್ವಾ?"

ಪ್ರಿಯ ಸಹೋದರರೇ,

ನಿಮ್ಮ ಪತ್ರ ಎರಡು ಸಲ ಓದಿದೆ. ಊರಿನ ಚರ್ಚ್ ಬಗ್ಗೆ ನಾಲ್ಕು ಪುಟ ಕೈಯಲ್ಲಿ ಬರೆಯೋಷ್ಟು ಸಂಕಟ ಪಡೋರು ಈಗ ಎಷ್ಟು ಜನ ಇದ್ದಾರೆ ಹೇಳಿ, ಅದಕ್ಕೇ ನಿಮಗೆ ಮೊದಲು ಕೈ ಮುಗೀತೀನಿ. ಧ್ಯಾನಕೂಟ ಬೇಡ ಅಂತ ನಾನು ಹೇಳಲ್ಲ. ವರ್ಷಗಟ್ಟಲೆ ಪಾಪನಿವೇದನೆ ಮಾಡದೇ ಇದ್ದವರು ಒಂದು ಧ್ಯಾನಕೂಟದಲ್ಲಿ ಕೂತು ಅತ್ತು ಎದ್ದು ಹೊಸ ಮನುಷ್ಯರಾಗಿ ಹೋಗಿದ್ದನ್ನ ನಾನೂ ನೋಡಿದ್ದೀನಿ. ಅದರಷ್ಟಕ್ಕೆ ಅದು ಒಳ್ಳೇದು.

ಆದ್ರೆ ನಿಮ್ಮ ಕೊನೇ ಸಾಲಿದೆಯಲ್ಲ, ಮೊದಲು ವಿಶ್ವಾಸ, ಆಮೇಲೆ ಸೇವೆ ಅನ್ನೋದು, ಅದನ್ನ ನಾನು ಒಪ್ಪಲ್ಲ. ಈ ಮಾತು ನಮ್ಮಲ್ಲಿ ಎಷ್ಟು ಕಡೆ ಕೇಳ್ತೀನೋ ಅಷ್ಟೂ ಕಡೆ ಆ "ಆಮೇಲೆ" ಬಂದಿದ್ದನ್ನ ನೋಡಿಲ್ಲ.

ನಮ್ಮ ಮನೆಯ ವಿಷಯಾನೇ ಹೇಳ್ತೀನಿ. ನನ್ನ ತಾಯಿ ಕೊನೆಯ ಹನ್ನೊಂದು ತಿಂಗಳು ಮಂಚ ಬಿಟ್ಟು ಏಳಲಿಲ್ಲ. ನಲವತ್ತು ವರ್ಷ ಒಂದು ಭಾನುವಾರ ತಪ್ಪಿಸದೇ ಇದ್ದ ಹೆಂಗಸು. ಮೊದಲ ನಾಲ್ಕು ತಿಂಗಳಲ್ಲಿ ಚರ್ಚ್ ಕಡೆಯಿಂದ ಮನೆಗೆ ಬಂದವರು ಹಬ್ಬದ ರಸೀದಿ ಪುಸ್ತಕ ಹಿಡ್ಕೊಂಡು ಬಂದವರು ಮಾತ್ರ, ಅದೂ ಎರಡು ಸಲ. ಒಳಗೆ ಯಾರು ಮಲಗಿದ್ದಾರೆ ಅಂತ ಕೇಳಲೂ ಇಲ್ಲ. ಅಮ್ಮ ಗೋಡೆ ಕಡೆ ತಿರುಗಿ "ನಾನಿಲ್ಲ ಅಂತ ಯಾರಿಗೂ ಗೊತ್ತೇ ಆಗಿಲ್ವಲ್ಲೋ" ಅಂದಿದ್ದು ಇವತ್ತಿಗೂ ಕಿವಿಯಲ್ಲಿದೆ.

ಐದನೇ ತಿಂಗಳು ಒಬ್ಬ ರಿಟೈರ್ಡ್ ಟೀಚರಮ್ಮ ಬಂದ್ರು, ಪರಮಪ್ರಸಾದ, ಅಂದ್ರೆ ಪೂಜೆಯಲ್ಲಿ ಅರ್ಪಿಸಿದ ರೊಟ್ಟಿ, ಹಂಚೋಕೆ ಅನುಮತಿ ಪಡೆದ ಸಾಮಾನ್ಯ ವಿಶ್ವಾಸಿಗಳಲ್ಲಿ ಒಬ್ಬರು. ಕೊರಳಲ್ಲಿ ಬಟ್ಟೆಯ ಚೀಲ, ಅದರೊಳಗೆ ಬೊಟ್ಟಿನಗಲದ ಲೋಹದ ಡಬ್ಬಿ. ನಾವು ಗಡಿಬಿಡಿಯಲ್ಲಿ ಪ್ಲಾಸ್ಟಿಕ್ ಸ್ಟೂಲ್ ಮೇಲೆ ಬಿಳೀ ಟವೆಲ್ ಹಾಸಿ, ಸ್ಟೀಲ್ ಲೋಟದಲ್ಲಿ ಅಕ್ಕಿ ತುಂಬಿ ಮೊಂಬತ್ತಿ ನಿಲ್ಲಿಸಿದ್ವಿ. ಅಮ್ಮ ಮೊದಲು ತಲೆ ಮೇಲೆ ಸೆರಗು ಹಾಕಿಸ್ಕೊಂಡ್ರು. ನುಂಗೋಕೆ ಆಗ್ತಿರಲಿಲ್ಲ, ಟೀಚರಮ್ಮ ಪ್ರಸಾದವನ್ನ ಅಕ್ಕಿಕಾಳಿನಷ್ಟು ಮುರಿದು ಒಂದು ಚಮಚ ನೀರಿನ ಜೊತೆ ಕೊಟ್ರು. ಪ್ರಾರ್ಥನೆ ಮುಗಿದ ಮೇಲೆ ಹೋಗಲಿಲ್ಲ, ಬ್ಯಾಗಿಂದ ನೇಲ್ ಕಟರ್ ತೆಗೆದು ಅಮ್ಮನ ಕಾಲುಗುರು ಕತ್ತರಿಸ್ತಾ ಕೂತ್ರು. ಪ್ರತಿ ಶುಕ್ರವಾರ ಹೀಗೇ. ನನ್ನ ತಮ್ಮ ಆರೇಳು ವರ್ಷದಿಂದ ಚರ್ಚಿನ ಮೆಟ್ಟಿಲು ಹತ್ತಿರಲಿಲ್ಲ, ಅವನಿಗೆ ಯಾರೂ ಬುದ್ಧಿ ಹೇಳಲಿಲ್ಲ, ಟೀಚರಮ್ಮನೂ ಹೇಳಲಿಲ್ಲ, ಆದ್ರೆ ಮೂರನೇ ಶುಕ್ರವಾರದ ಹೊತ್ತಿಗೆ ಅವನೇ ಬಾಗಿಲು ತೆಗೆದು ಮೊಂಬತ್ತಿ ಹಚ್ಚಿಟ್ಟು ಕಾಯ್ತಿದ್ದ. ಈಗ ಆಕೆಗೆ ಮಂಡಿ ನೋವು, ಇವನೇ ಸ್ಕೂಟರಲ್ಲಿ ಕೂರಿಸ್ಕೊಂಡು ರೋಗಿಗಳ ಮನೆಮನೆಗೆ ಕರ್ಕೊಂಡು ಹೋಗ್ತಾನೆ. ಪೂಜೆಗೂ ಬರ್ತಾನೆ.

ಇಲ್ಲಿ ಯಾವುದು ಮೊದಲು ಬಂತು, ನೀವೇ ಹೇಳಿ.

ಇದು ನನ್ನ ಹೊಸ ಸಂಶೋಧನೆ ಏನಲ್ಲ. 1830ರ ದಶಕದ ಪ್ಯಾರಿಸ್. ಫ್ರೆಡರಿಕ್ ಓಝನಾಮ್ ಅಂತ ಕಾಲೇಜು ಹುಡುಗ, ಗೆಳೆಯರ ಜೊತೆ ಚರ್ಚಾಕೂಟದಲ್ಲಿ ಧರ್ಮಸಭೆಯ (ಕಥೋಲಿಕ ಚರ್ಚಿನ) ಪರವಾಗಿ ಭರ್ಜರಿ ವಾದ ಮಾಡ್ತಿದ್ದ. ಅಲ್ಲೊಬ್ಬ ಎದ್ದು ಕೇಳಿದ, ನಿಮ್ಮ ಧರ್ಮ ಹಿಂದೆ ಏನೇನೋ ಮಾಡಿರಬಹುದು, ಈಗ ನೀವು ಬಡವರಿಗೆ ಏನು ಮಾಡ್ತಿದ್ದೀರಿ ಅಂತ. ಅದಕ್ಕೆ ಆ ಹುಡುಗರು ಇನ್ನೊಂದು ಭಾಷಣ ತಯಾರು ಮಾಡಬಹುದಿತ್ತು. ಮಾಡಲಿಲ್ಲ. 1833ರ ಏಪ್ರಿಲ್‌ನಲ್ಲಿ ಸೇರಿ ಬಡವರ ಮನೆಗೆ ಹೋಗೋಕೆ ಶುರು ಮಾಡಿದ್ರು. ಓಝನಾಮ್‌ಗೆ ಆಗಷ್ಟೇ ಇಪ್ಪತ್ತು ತುಂಬಿತ್ತು. ಹೇಗೆ ಹೋಗಬೇಕು ಅಂತಾನೂ ಗೊತ್ತಿರಲಿಲ್ಲ, ಬಡ ಕೇರಿಯಲ್ಲೇ ಬದುಕು ಸವೆಸಿದ್ದ ಸಿಸ್ಟರ್ ರೊಸಾಲಿ ರೆಂದು ಅವರಿಗೆ ಮನೆಗಳನ್ನ ತೋರಿಸಿ, ಅಲ್ಲಿ ಹೇಗೆ ನಡ್ಕೋಬೇಕು ಅಂತ ಕಲಿಸಿದ್ರು. ನಮ್ಮ ಎಷ್ಟೋ ಚರ್ಚುಗಳಲ್ಲಿ ಇರೋ, ಬಡವರಿಗೆ ನೆರವಾಗೋ ವಿನ್ಸೆಂಟ್ ದೆ ಪಾಲ್ ಸಭೆ ಹುಟ್ಟಿದ್ದು ಹೀಗೆ. 1997ರಲ್ಲಿ ಜಗದ್ಗುರು (ಪೋಪ್) ಎರಡನೇ ಜಾನ್ ಪಾಲ್ ಅದೇ ಪ್ಯಾರಿಸ್‌ನಲ್ಲಿ ಓಝನಾಮ್‌ರನ್ನ ಪುನೀತರ, ಅಂದ್ರೆ ಸಂತ ಪದವಿಗೆ ಒಂದು ಮೆಟ್ಟಿಲು ಕೆಳಗಿನವರ, ಸಾಲಿಗೆ ಸೇರಿಸಿದ್ರು. ವಾದದಿಂದ ಉಳಿಯದಿದ್ದ ಅವರ ವಿಶ್ವಾಸ ಆ ಮನೆಗಳ ಮೆಟ್ಟಿಲು ಹತ್ತಿ ಉಳೀತು.

ಪ್ಯಾರಿಸ್ ದೂರ ಆಯ್ತು ಅಂದ್ರೆ ನಮ್ಮ ಘಟ್ಟದ ಕೆಳಗೇ ಬನ್ನಿ. ಸಂತ ಜೋಸೆಫ್ ವಾಜ್ ಗೋವಾದವರು, 1681ರಿಂದ 84ರವರೆಗೆ ನಮ್ಮ ಕರಾವಳಿಯಲ್ಲಿ ಓಡಾಡಿ ಚದುರಿ ಹೋಗಿದ್ದ ಕ್ರೈಸ್ತರನ್ನ ಒಟ್ಟುಗೂಡಿಸಿದವರು. ಆಮೇಲೆ ಡಚ್ಚರ ಕಣ್ತಪ್ಪಿಸಿ ಕೂಲಿಯವನ ವೇಷದಲ್ಲಿ ಶ್ರೀಲಂಕಾಕ್ಕೆ ಹೋದ್ರು. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಬಂತು, ಊರು ಬಿಟ್ಟು ಹೋಗೋ ಶಕ್ತಿ ಇದ್ದವರೆಲ್ಲ ಹೋದ್ರು, ಇವರು ಮತ್ತು ಇವರ ಸೋದರಳಿಯ ಫಾದರ್ ಕಾರ್ವಾಲೊ ಉಳ್ಕೊಂಡು ಯಾವ ಜಾತಿ ಯಾವ ಧರ್ಮ ಅಂತ ಕೇಳದೆ ರೋಗಿಗಳ ಆರೈಕೆ ಮಾಡಿದ್ರು, ಸತ್ತವರನ್ನ ಮಣ್ಣು ಮಾಡಿದ್ರು. ಅಲ್ಲಿನ ಬೌದ್ಧ ರಾಜನೂ ಅದನ್ನ ಮೆಚ್ಚಿದ. 2015ರಲ್ಲಿ ಕೊಲಂಬೊದಲ್ಲಿ ಅವರಿಗೆ ಸಂತ ಪದವಿ ಸಿಕ್ಕಿತು.

ಈಗ ನಿಮ್ಮ ಪತ್ರದ ಇನ್ನೊಂದು ಸಾಲಿಗೆ ಬರ್ತೀನಿ, ಇಲ್ಲಿ ಸ್ವಲ್ಪ ಬೈದ್ರೆ ಬೇಜಾರು ಮಾಡ್ಕೋಬೇಡಿ. "ನಮ್ಮ ಜನ ಕಮ್ಮಿ, ಹೊರಗಿನ ಕೂಲಿಯವರು ಹಿಂದೆ ನಿಂತು ಹೋಗ್ತಾರೆ." ನೀವೇ ಬರೆದಿದ್ದೀರಿ, ನಿಮ್ಮಜ್ಜ ಘಟ್ಟದ ಕೆಳಗಿಂದ ಕಾಫಿ ತೋಟದ ಕೆಲಸಕ್ಕೆ ಹತ್ತಿ ಬಂದವರು ಅಂತ. ಅವರೂ ಯಾವತ್ತೋ ಒಂದು ಭಾನುವಾರ ಯಾವುದೋ ಚರ್ಚಿನ ಹಿಂದೆ ನಿಂತವರೇ. ಆ ಇಪ್ಪತ್ತು ಜನ ಜಾರ್ಖಂಡಿನವರೋ ಅಸ್ಸಾಮಿನವರೋ ನಿಮ್ಮ ಪತ್ರದಲ್ಲಿಲ್ಲ, ಹೆಸರಂತೂ ಇಲ್ಲವೇ ಇಲ್ಲ. ವಾರಪೂರ್ತಿ ತೋಟದಲ್ಲಿ ಬೆನ್ನು ಬಗ್ಗಿಸಿ, ರಜೆ ಇರೋ ಒಂದು ದಿನ ತೊಳೆದ ಬಟ್ಟೆ ಹಾಕ್ಕೊಂಡು, ತಮಗೆ ಅರ್ಧಂಬರ್ಧ ಅರ್ಥ ಆಗೋ ಕನ್ನಡ ಪೂಜೆಗೆ ಮಗು ಎತ್ಕೊಂಡು ನಡೆದು ಬರೋರು ಅವರು. ವಿಶ್ವಾಸ ಸತ್ತು ಹೋಗಿದೆ ಅಂತ ನೀವು ಅಳ್ತಿರೋ ಚರ್ಚಿನಲ್ಲೇ ಅದು ಬಾಗಿಲ ಹತ್ರ ನಿಂತಿದೆ, ಮುಂದೆ ಅರ್ಧ ಬೆಂಚು ಖಾಲಿ ಇದ್ರೂ ಬನ್ನಿ ಕೂತ್ಕೊಳಿ ಅಂತ ಒಬ್ಬರೂ ಹೇಳಿಲ್ಲ.

ಕ್ರಿ.ಶ. 155ರ ಆಸುಪಾಸಿನಲ್ಲಿ ಆದಿಕಾಲದ ಕ್ರೈಸ್ತ ಲೇಖಕ ಸಂತ ಜಸ್ಟಿನ್ ರೋಮಿನ ಚಕ್ರವರ್ತಿಗೆ ನಮ್ಮ ಭಾನುವಾರದ ಪೂಜೆ ಹೇಗಿರತ್ತೆ ಅಂತ ವಿವರಿಸಿ ಬರೆದಿದ್ದಾರೆ. ವಾಚನ, ಪ್ರಬೋಧನೆ, ಪ್ರಾರ್ಥನೆ, ರೊಟ್ಟಿ, ದ್ರಾಕ್ಷಾರಸ, ಎಲ್ಲ ಈಗಿನ ಥರಾನೇ. ಬರದೇ ಇದ್ದವರಿಗೆ ಪ್ರಸಾದ ಮನೆಗೆ ಕಳಿಸ್ತಾರೆ. ಸಂಗ್ರಹ ಆದ ಕಾಣಿಕೆ ಎಲ್ಲಿಗೆ ಹೋಗತ್ತೆ ಅಂತಾನೂ ಹೇಳ್ತಾರೆ: ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಯಲ್ಲಿ ಇರೋರಿಗೆ, ಪರಊರಿಂದ ಬಂದು ನಮ್ಮ ನಡುವೆ ತಂಗಿರೋರಿಗೆ. ಆ ಕೊನೆಯದನ್ನ ಇನ್ನೊಂದು ಸಲ ಓದಿ. ನಿಮ್ಮ ಇಪ್ಪತ್ತು ಜನ ಆ ಪಟ್ಟಿಯಲ್ಲಿದ್ದಾರೆ, ಎಲ್‌ಇಡಿ ಸ್ಕ್ರೀನ್ ಇಲ್ಲ.

ಇಷ್ಟು ಹೇಳಿದ ಮೇಲೆ ಮನಸ್ಸಲ್ಲಿ ಇರೋದನ್ನೂ ಹೇಳ್ಬಿಡ್ತೀನಿ. 1983ರ ಧರ್ಮಸಭೆಯ ಕಾನೂನು ಸಂಹಿತೆ ಇದೆಯಲ್ಲ, ಅದರ 529ನೇ ವಿಧಿ ಧರ್ಮಕೇಂದ್ರದ ಗುರುಗಳು ಕುಟುಂಬಗಳನ್ನ ಭೇಟಿ ಮಾಡಬೇಕು, ರೋಗಿಗಳನ್ನ, ಬಡವರನ್ನ, ಒಂಟಿಯಾದವರನ್ನ, ನಾಡು ಬಿಟ್ಟು ಬಂದವರನ್ನ ಹುಡುಕ್ಕೊಂಡು ಹೋಗಬೇಕು ಅನ್ನತ್ತೆ. ಹುಡುಕ್ಕೊಂಡು! ಆದ್ರೆ ನಾವು ನಮ್ಮ ಫಾದರ್‌ಗಳನ್ನ ಏನು ಮಾಡಿದ್ದೀವಿ? ಕಾಂಟ್ರಾಕ್ಟರ್ ಮಾಡಿದ್ದೀವಿ. ಹಾಲ್ ಕಟ್ಟಿಸಿದ್ರೆ ಒಳ್ಳೇ ಫಾದರ್, ಆರ್ಚ್ ಹಾಕ್ಸಿದ್ರೆ ಇನ್ನೂ ಒಳ್ಳೇ ಫಾದರ್, ಸಂಜೆ ಸೈಕಲ್ ಹತ್ತಿ ಕೇರಿ ಸುತ್ತಿ ಬಂದ್ರೆ "ಏನೂ ಕೆಲಸ ಮಾಡ್ತಿಲ್ಲ" ಅಂತ ಧರ್ಮಾಧ್ಯಕ್ಷರಿಗೆ (ಬಿಷಪ್‌ಗೆ) ಪತ್ರ. ಹುಡುಗರು ಬರಲ್ಲ ಅಂತೀವಿ, ಬಂದವರಿಗೆ ಹಬ್ಬದ ದಿನ ಪಾರ್ಕಿಂಗ್ ಕಾಯೋ ಕೆಲಸ ಕೊಡ್ತೀವಿ. ಹೆಂಗಸರು ಚರ್ಚ್ ಗುಡಿಸಿ ಹೂ ಕಟ್ಟಿ ಪೀಠದ ಬಟ್ಟೆ ಒಗೆದು ಕೊಡ್ತಾರೆ, ಪ್ಯಾರಿಷ್ ಕೌನ್ಸಿಲ್ ಮೀಟಿಂಗಲ್ಲಿ ಟೀ ತಂದಿಡ್ತಾರೆ, ಅವರ ಅಭಿಪ್ರಾಯ ಮಾತ್ರ ಯಾರೂ ಕೇಳಲ್ಲ. ಊರಲ್ಲಿ ಯಾವ ಮನೆಯಲ್ಲಿ ಯಾರು ಮಲಗಿದ್ದಾರೆ, ಯಾವ ಮನೆಯಲ್ಲಿ ಒಲೆ ಹಚ್ಚಿಲ್ಲ ಅನ್ನೋದು ಗೊತ್ತಿರೋದೇ ಅವರಿಗೆ.

ನಿಮ್ಮ ಜಿಲ್ಲೆಯ ಶೆಟ್ಟಿಹಳ್ಳಿ ಚರ್ಚ್ ನೋಡಿದ್ದೀರಲ್ಲ. 1860ರ ಹೊತ್ತಿನಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ್ದು, ಗೊರೂರು ಅಣೆಕಟ್ಟಿನ ಹಿನ್ನೀರು ಬಂದ ಮೇಲೆ ಮಳೆಗಾಲದಲ್ಲಿ ಅರ್ಧ ಮುಳುಗಿ ನಿಂತಿರತ್ತೆ. ಎಲ್ಲರೂ ಹೋಗಿ ಫೋಟೋ ತೆಗೀತಾರೆ. ಆ ಊರಿನ ಜನ ಎಲ್ಲಿ ಹೋದ್ರು, ಮೂಟೆ ಕಟ್ಕೊಂಡು ಹೋದ ಹೊಸ ಜಾಗದಲ್ಲಿ ಮೊದಲ ಭಾನುವಾರ ಅವರಿಗೆ ಜಾಗ ಬಿಟ್ಟು ಕೊಟ್ಟವರು ಯಾರು ಅಂತ ಕೇಳೋರನ್ನ ನಾನು ಕಂಡಿಲ್ಲ.

ಬೋಧಕರ ಹೆಸರು ಕೇಳಿದ್ರಿ. ನನ್ನ ಹತ್ರ ಮೂರು ಹೆಸರಿದೆ, ಮೂವರೂ ಒಳ್ಳೆಯವರು, ಕೊಡ್ತೀನಿ. ಅದಕ್ಕೂ ಮೊದಲು ಬರೋ ಭಾನುವಾರ ಪೂಜೆ ಮುಗಿದ ತಕ್ಷಣ ಮುಂದಿನ ಬಾಗಿಲಿಂದ ಮನೆಗೆ ಹೋಗಬೇಡಿ, ಹಿಂದೆ ಹೋಗಿ. ಆ ಇಪ್ಪತ್ತು ಜನರ ಹೆಸರು, ಯಾವ ಊರಿನವರು, ಯಾವ ಲೈನ್ ಮನೆಯಲ್ಲಿದ್ದಾರೆ, ಮಗುಗೆ ಸ್ನಾನದೀಕ್ಷೆ (ಬ್ಯಾಪ್ಟಿಸಂ) ಆಗಿದೆಯಾ, ಯಾರಿಗಾದ್ರೂ ಹುಷಾರಿಲ್ವಾ, ಇಷ್ಟನ್ನ ಕೇಳಿ ಬರೆದು ಕಳಿಸಿ. ಜೊತೆಗೆ ವರ್ಷದಿಂದ ಪೂಜೆಗೆ ಕಾಣಿಸದೇ ಇರೋ ಹತ್ತು ಮುದುಕರ ಹೆಸರೂ ಇರಲಿ. ಹಿಂದಿ ಬರಲ್ಲ ಅಂದ್ರೆ ಊರಿನ ಶಾಲೆ ಹುಡುಗಿ ಯಾರನ್ನಾದ್ರೂ ಜೊತೆಗೆ ಕರ್ಕೊಂಡು ಹೋಗಿ. ಪತ್ರ ಬಂದ ದಿನಾನೇ ನಾನು ಫೋನ್ ಮಾಡ್ತೀನಿ.

– ಸಂ.