ವಾಚಕರ ಪ್ರಶ್ನೆ, ನಮ್ಮ ಉತ್ತರ: ಗುಜರಿ ರಾಶಿಗೆ ಸೇರದ ನಷ್ಟ

ಪ್ರಶ್ನೆ: ಲೋಹದ ಬಿಡಿಭಾಗಗಳನ್ನು ತಯಾರಿಸುವ ಸಣ್ಣ ಕಾರ್ಖಾನೆ ನಡೆಸುತ್ತಿದ್ದೇನೆ. ಬೇಡಿಕೆಗೆ ಕೊರತೆಯಿಲ್ಲ, ಯಂತ್ರಗಳು ಎರಡು ಪಾಳಿ ಓಡುತ್ತವೆ. ಆದರೂ ವರ್ಷದ ಕೊನೆಗೆ ಉಳಿಯುವುದು ಅಷ್ಟಕ್ಕಷ್ಟೆ. ಕೊನೆಯ ತಪಾಸಣೆಯಲ್ಲಿ ತಿರಸ್ಕೃತವಾಗುವ ಮಾಲು ಶೇ 4 ಮಾತ್ರ. ಹಾಗಿದ್ದರೆ ಲಾಭ ಸೋರುತ್ತಿರುವುದೆಲ್ಲಿ?

ಉತ್ತರ: ಮೊದಲು ಆ ಶೇ 4ರ ಅಂಕಿಯನ್ನೇ ಅನುಮಾನಿಸಬೇಕು. ಅದು ತಪಾಸಣೆಯ ಮೇಜಿನ ಮೇಲೆ ಸಿಕ್ಕಿಬಿದ್ದ ಮಾಲಿನ ಲೆಕ್ಕವೇ ಹೊರತು, ದಾರಿಯಲ್ಲಿ ಕೆಟ್ಟು, ಮತ್ತೆ ಉಜ್ಜಿ ಕೊರೆದು ಸರಿಪಡಿಸಿಕೊಂಡ ಮಾಲಿನದ್ದಲ್ಲ. ಕತ್ತರಿಸುವುದು, ಲೇತ್ ಕೆಲಸ, ರಂಧ್ರ ಕೊರೆಯುವುದು, ಹೊಳಪು ಕೊಡುವುದು ಎಂದು ನಾಲ್ಕು ಹಂತಗಳಿವೆ ಎನ್ನಿ. ಪ್ರತಿ ಹಂತದಲ್ಲೂ ಶೇ 95ರಷ್ಟು ಮಾಲು ಮೊದಲ ಸಲಕ್ಕೇ ಸರಿಯಾಗಿ ಬಂದರೂ, ನಾಲ್ಕನ್ನೂ ತಿದ್ದುಪಡಿಯಿಲ್ಲದೆ ದಾಟುವುದು ನೂರಕ್ಕೆ ಸುಮಾರು 81 ಮಾತ್ರ. ಉಳಿದವುಗಳಲ್ಲಿ ಬಹುಪಾಲು ರೀವರ್ಕ್ ಮಾಡಿಸಿಕೊಂಡು ಗಿರಾಕಿಯ ಕೈ ಸೇರುವುದರಿಂದ ನಿಮ್ಮ ಪುಸ್ತಕದಲ್ಲಿ ಅವು ಒಳ್ಳೆಯ ಮಾಲೇ ಆಗಿರುತ್ತವೆ. ಅವುಗಳಿಗೆ ಎರಡನೆಯ ಸಲ ಕೊಟ್ಟ ಯಂತ್ರದ ಹೊತ್ತು ಮತ್ತು ಆಳಿನ ಹೊತ್ತು ಕೂಲಿ, ವಿದ್ಯುತ್ ಎಂಬ ಮಾಮೂಲು ಬಾಬತ್ತುಗಳಲ್ಲಿ ಕರಗಿಹೋಗುತ್ತವೆ. ಆದ್ದರಿಂದ ಪ್ರತಿ ಹಂತದ ಪಕ್ಕದಲ್ಲೂ ಒಂದು ಹಲಗೆ ತೂಗುಹಾಕಿ, ಮೊದಲ ಸಲಕ್ಕೆ ಸರಿಯಾದವೆಷ್ಟು, ತಿದ್ದಿದವೆಷ್ಟು ಎಂದು ಒಂದು ತಿಂಗಳು ಬರೆಸಿ. ಕಂಪ್ಯೂಟರ್ ಬೇಕಿಲ್ಲ, ಸೀಮೆಸುಣ್ಣ ಸಾಕು. ನಾಲ್ಕನೆಯ ಹಂತದಲ್ಲಿ ಕೆಟ್ಟ ತುಂಡು ಹಿಂದಿನ ಮೂರು ಹಂತಗಳ ಖರ್ಚನ್ನೂ ಹೊತ್ತುಕೊಂಡೇ ಗುಜರಿಗೆ ಹೋಗುತ್ತದೆ ಎಂಬುದು ನೆನಪಿರಲಿ. ತೂಕದ ಲೆಕ್ಕದಲ್ಲಿ ಮಾತ್ರ ಅದೂ ಮೊದಲ ಹಂತದ ತುಂಡೂ ಒಂದೇ.

ಎರಡನೆಯದಾಗಿ, ನಿಮ್ಮ ಗೋದಾಮನ್ನು ನೋಡಿ. ಟೊಯೋಟಾದ ಉತ್ಪಾದನಾ ಪದ್ಧತಿಯನ್ನು ರೂಪಿಸಿದ ತೈಚಿ ಓನೊ ವ್ಯರ್ಥವನ್ನು ಏಳು ಬಗೆಯಾಗಿ ವಿಂಗಡಿಸಿ, ಅವುಗಳಲ್ಲಿ ಅಗತ್ಯಕ್ಕಿಂತ ಹೆಚ್ಚು ತಯಾರಿಸುವುದನ್ನೇ ಎಲ್ಲಕ್ಕಿಂತ ಕೆಟ್ಟದ್ದೆಂದು ಎಣಿಸಿದರು. ಯಂತ್ರ ಸುಮ್ಮನೆ ನಿಲ್ಲಬಾರದೆಂದು ಮಾಡಿಟ್ಟ ಮಾಲು ಜಾಗ ತಿನ್ನುತ್ತದೆ, ಬಡ್ಡಿ ತಿನ್ನುತ್ತದೆ, ತುಕ್ಕು ಹಿಡಿಯುತ್ತದೆ. ಅದಕ್ಕಿಂತ ಹೆಚ್ಚಾಗಿ, ರಾಶಿಯ ತಳದಲ್ಲಿರುವ ದೋಷ ಮೂರು ವಾರಗಳ ನಂತರ ಕಣ್ಣಿಗೆ ಬೀಳುವ ಹೊತ್ತಿಗೆ ಅದೇ ದೋಷದ ಇನ್ನೂ ಸಾವಿರ ತುಂಡುಗಳು ತಯಾರಾಗಿರುತ್ತವೆ.

ತುಂಡಿಗೆ ಆಕಾರ ಕೊಡುವ ಅಚ್ಚನ್ನು, ಅಂದರೆ ಡೈಯನ್ನು, ಬದಲಿಸಲು ಎರಡು ಗಂಟೆ ಹಿಡಿಯುವಾಗ ಒಮ್ಮೆಗೇ ಹೆಚ್ಚು ಮಾಡಿಡುವುದಲ್ಲದೆ ಬೇರೆ ದಾರಿಯೇನು ಎಂದು ನೀವು ಕೇಳಬಹುದು. ಒಂದು ದಿನ ಗಡಿಯಾರ ಹಿಡಿದು ಆ ಕೆಲಸದ ಬಳಿ ನಿಂತುಕೊಳ್ಳಿ. ಯಂತ್ರ ನಿಲ್ಲುತ್ತದೆ, ಒಬ್ಬಾತ ಸ್ಪ್ಯಾನರ್ ಹುಡುಕಿಕೊಂಡು ಪಕ್ಕದ ಶೆಡ್ಡಿಗೆ ಹೋಗುತ್ತಾನೆ, ಹೊಸ ಡೈ ಇನ್ನೂ ಸ್ಟೋರಿನಲ್ಲೇ ಇರುತ್ತದೆ, ಬೋಲ್ಟುಗಳು ನಾಲ್ಕು ಅಳತೆಯವು. ಯಂತ್ರ ನಿಂತಾಗಲೇ ಮಾಡಬೇಕಾದ ಕೆಲಸ ಯಾವುದು, ಅದು ಓಡುತ್ತಿರುವಾಗಲೇ ಮುಗಿಸಿಡಬಹುದಾದದ್ದು ಯಾವುದು ಎಂದು ಬೇರ್ಪಡಿಸುವುದೇ ಜಪಾನಿನ ಎಂಜಿನಿಯರ್ ಶಿಗೆಒ ಶಿಂಗೊ ಬೆಳೆಸಿದ ವಿಧಾನದ ಜೀವಾಳ. ಅವರ ಗುರಿ 10 ನಿಮಿಷದೊಳಗೆ. ನೀವು 40 ನಿಮಿಷಕ್ಕೆ ಇಳಿಸಿದರೂ ಸಾಕಷ್ಟು ಗೆದ್ದಂತೆ.

ಗಾಳಿಯ ಕಂಪ್ರೆಸರ್ ಇದ್ದರೆ, ರಜೆಯ ದಿನ ಎಲ್ಲ ಯಂತ್ರಗಳನ್ನೂ ನಿಲ್ಲಿಸಿ ಅದೊಂದನ್ನೇ ಓಡಿಸಿ. ಯಾರೂ ಗಾಳಿ ಬಳಸದಿದ್ದರೂ ಅದು 2 ನಿಮಿಷ ಗಾಳಿ ತುಂಬಿ 6 ನಿಮಿಷ ವಿರಮಿಸುತ್ತಿದ್ದರೆ, ಅದರ ಸಾಮರ್ಥ್ಯದ ಕಾಲು ಭಾಗ ಕೊಳವೆಗಳ ಸಂದುಗಳಿಂದಲೇ ಸೋರುತ್ತಿದೆ ಎಂದರ್ಥ. ಸಂದುಗಳಿಗೆ ಸಾಬೂನಿನ ನೀರು ಹಚ್ಚಿದರೆ ಗುಳ್ಳೆಯೇ ಜಾಗ ತೋರಿಸುತ್ತದೆ.

ಇಷ್ಟೆಲ್ಲ ಏಕೆ, ಮಾರಾಟ ಹೆಚ್ಚಿಸಬಾರದೇ ಎನ್ನುವವರಿಗೆ ಒಂದು ಲೆಕ್ಕ. ಮಾರಾಟ 100 ಆದಾಗ ಕಚ್ಚಾ ಸಾಮಗ್ರಿ 60, ಲಾಭ 8 ಎಂದಿಟ್ಟುಕೊಳ್ಳಿ. ಸಾಮಗ್ರಿಯ ಬಳಕೆ ಶೇ 5ರಷ್ಟು ತಗ್ಗಿದರೆ ಲಾಭ 11ಕ್ಕೇರುತ್ತದೆ. ಅದೇ ಲಾಭದ ದರದಲ್ಲಿ ಇಷ್ಟನ್ನು ಮಾರಾಟದಿಂದ ಗಳಿಸಬೇಕಾದರೆ ವ್ಯಾಪಾರ ಶೇ 37.5ರಷ್ಟು ಬೆಳೆಯಬೇಕು.

ಪ್ರಶ್ನೆ: ಕೆಟ್ಟ ಮಾಲಿಗೆ ಕೂಲಿಯಲ್ಲಿ ಕಡಿತ ಮಾಡಲಾರಂಭಿಸಿದೆ. ರಿಜೆಕ್ಷನ್ ಅರ್ಧಕ್ಕಿಳಿಯಿತು, ಆದರೆ ಗಿರಾಕಿಗಳ ದೂರು ಹೆಚ್ಚಾಗಿದೆ. ಏನು ಮಾಡಲಿ?

ಉತ್ತರ: ಕಡಿತವನ್ನು ಇಂದೇ ನಿಲ್ಲಿಸಿ. ಇಳಿದದ್ದು ದೋಷವಲ್ಲ, ದೋಷದ ವರದಿ. 1924ರಲ್ಲಿ ಜಪಾನಿನ ಸಂಶೋಧಕ ಸಕಿಚಿ ತೊಯೋಡ ರೂಪಿಸಿದ ಮಗ್ಗ ನೂಲು ಕಡಿದೊಡನೆ ತಾನಾಗಿಯೇ ನಿಲ್ಲುತ್ತಿತ್ತು. ಕೆಟ್ಟ ಬಟ್ಟೆ ಗಜಗಟ್ಟಲೆ ನೇಯುವ ಬದಲು ಕೆಲಸ ನಿಲ್ಲುವುದೇ ಲೇಸೆಂಬುದು ಅದರ ಹಿಂದಿನ ಲೆಕ್ಕಾಚಾರ. ತಪ್ಪು ಕಂಡ ಕೂಡಲೇ ಯಂತ್ರ ನಿಲ್ಲಿಸಿ ಕೂಗುವ ಕೆಲಸಗಾರನಿಗೆ ಕೂಲಿ ಕಡಿತದ ಭಯವಿದ್ದರೆ ಅವನು ಕೂಗುವುದಿಲ್ಲ, ಆ ತುಂಡನ್ನು ಒಳ್ಳೆಯದರ ನಡುವೆ ಸೇರಿಸಿಬಿಡುತ್ತಾನೆ.

ಪ್ರಶ್ನೆ: ಗುಜರಿಗೆ ಒಳ್ಳೆಯ ದರ ಕೊಡುವವರು ಸಿಕ್ಕಿದ್ದಾರೆ. ಇದೂ ಲಾಭವೇ ಅಲ್ಲವೇ?

ಉತ್ತರ: ಪೂರ್ತಿ ದರಕ್ಕೆ ಕೊಂಡು, ಕೂಲಿ ಕೊಟ್ಟು ಕೆಡಿಸಿ, ಕಡಿಮೆ ದರಕ್ಕೆ ಮಾರುತ್ತಿದ್ದೀರಿ. ದರ ಒಳ್ಳೆಯದಾದಷ್ಟೂ ನಷ್ಟ ತಗ್ಗೀತು, ಅಷ್ಟೆ.