ಎಕ್ಸ್‌ರೇ ನಾರ್ಮಲ್, ಆದರೂ ಎರಡು ಸಲ ಸಿಟಿ ಏಕೆ?

ಪ್ರಶ್ನೆ: ತಂದೆಗೆ 64 ವರ್ಷ, ಬಹುಕಾಲ ಬೀಡಿ ಸೇದಿದವರು. ಸ್ಪೈರೋಮೆಟ್ರಿಯಲ್ಲಿ (ಊದಿಸಿ ಉಸಿರನ್ನು ಅಳೆಯುವ ಪರೀಕ್ಷೆ) ಸಿಒಪಿಡಿ (ಉಸಿರಿನ ಹಾದಿಗೆ ಅಡ್ಡಿಯಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಎಂದು ಬಂದಿದೆ, ಎದೆಯ ಎಕ್ಸ್‌ರೇ ನಾರ್ಮಲ್. ಉಸಿರು ಎಳೆದು ಒಮ್ಮೆ, ಬಿಟ್ಟು ಇನ್ನೊಮ್ಮೆ ಸಿಟಿ ಮಾಡಿಸಲು ವೈದ್ಯರು ಹೇಳಿದ್ದಾರೆ. ಒಂದು ಸಾಲದೇ? ವಿಕಿರಣವಿಲ್ಲದ ಕ್ಸೆನಾನ್ ಎಂಆರ್‌ಐ ಆಗುತ್ತದೆಯೇ?
— ಓದುಗರು, ಹಾಸನ

ಉತ್ತರ: ಸಿಒಪಿಡಿ ಇದೆಯೋ ಇಲ್ಲವೋ ಎಂದು ತೀರ್ಮಾನಿಸುವುದು ಸ್ಪೈರೋಮೆಟ್ರಿಯೇ. ಆರಂಭದ ಹಂತದಲ್ಲಿ ಎಕ್ಸ್‌ರೇಯಲ್ಲಿ ಏನೂ ಕಾಣದಿರುವುದು ಸಾಮಾನ್ಯ. ಶ್ವಾಸಕೋಶದಲ್ಲಿ ಕೆಟ್ಟಿರುವುದು ಏನು, ಎಲ್ಲಿ ಎಂಬುದನ್ನು ತೋರಿಸುವುದು ಸಿಟಿ.

ಸಿಟಿ ಸಾಂದ್ರತೆಯನ್ನು ಹೌನ್ಸ್‌ಫೀಲ್ಡ್ ಯೂನಿಟ್‌ನಲ್ಲಿ ಅಳೆಯುತ್ತದೆ: ನೀರು 0, ಗಾಳಿ -1000. ಪೂರ್ತಿ ಉಸಿರೆಳೆದಾಗ -950ಕ್ಕಿಂತ ಕೆಳಗಿರುವ ಜಾಗ ಎಂಫಿಸೀಮಾ, ಅಂದರೆ ಗಾಳಿಗೂಡಿನ ಗೋಡೆ ಕರಗಿದ ಭಾಗ. ಉಸಿರು ಬಿಟ್ಟ ಮೇಲೂ -856ಕ್ಕಿಂತ ಕೆಳಗೇ ಉಳಿದರೆ ಅಲ್ಲಿ ಗಾಳಿ ಸಿಕ್ಕಿಕೊಂಡಿದೆ ಎಂದರ್ಥ. ಎರಡು ಮಿಲಿಮೀಟರಿಗಿಂತ ಕಿರಿದಾದ ಶ್ವಾಸನಾಳಗಳು ಸಾಮಾನ್ಯ ಸಿಟಿಯಲ್ಲಿ ನೇರವಾಗಿ ಕಾಣುವುದಿಲ್ಲ; ಅವುಗಳ ತೊಂದರೆ ಗೊತ್ತಾಗುವುದು ಈ ಸಿಕ್ಕಿಕೊಂಡ ಗಾಳಿಯಿಂದಲೇ. ಎರಡೂ ಚಿತ್ರಗಳನ್ನು ಬಿಂದುವಿಗೆ ಬಿಂದು ಹೊಂದಿಸುವ ಪಿಆರ್‌ಎಂ ವಿಧಾನವನ್ನು ಮಿಶಿಗನ್ ವಿಶ್ವವಿದ್ಯಾಲಯದ ತಂಡ 2012ರಲ್ಲಿ ಪ್ರಕಟಿಸಿತು. ಎಳೆದಾಗ -950ಕ್ಕಿಂತ ಮೇಲೆ, ಬಿಟ್ಟಾಗ -856ಕ್ಕಿಂತ ಕೆಳಗೆ ಇದ್ದರೆ ಅದು ಸಣ್ಣ ನಾಳಗಳ ರೋಗ. ಒಂದೇ ಸ್ಕ್ಯಾನ್‌ನಲ್ಲಿ ಇದು ಸಿಗದು.

ಎಡವಟ್ಟಾಗುವುದು ಹೆಚ್ಚಾಗಿ ಉಸಿರಿನಲ್ಲಿ. ಅರ್ಧ ಉಸಿರೆಳೆದರೆ ಶ್ವಾಸಕೋಶ ದಟ್ಟವಾಗಿ ಕಂಡು ಎಂಫಿಸೀಮಾ ಕಡಿಮೆ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಸ್ಕ್ಯಾನ್‌ಗೆ ಮೊದಲೇ ಎಳೆಯುವುದು, ಹಿಡಿಯುವುದು, ಬಿಡುವುದನ್ನು ಎರಡು ಮೂರು ಸಲ ಅಭ್ಯಾಸ ಮಾಡಿಸಲು ಟೆಕ್ನೀಷಿಯನ್‌ಗೆ ಹೇಳಿ. ಈ ಅಳತೆಗೆ ಕಾಂಟ್ರಾಸ್ಟ್ ಇಂಜೆಕ್ಷನ್ ಬೇಕಿಲ್ಲ. ಲೋ ಡೋಸ್ ಸೆಟ್ಟಿಂಗ್ ಆಗುತ್ತದೆಯೇ ಎಂದು ಕೇಳಿ. ಮುಂದೆ ಹೋಲಿಸಿ ನೋಡಲು ಅದೇ ಯಂತ್ರ, ಅದೇ ಸ್ಲೈಸ್ ದಪ್ಪ, ಅದೇ ಕರ್ನೆಲ್ (ಚಿತ್ರ ಎಷ್ಟು ನುಣುಪಾಗಿ ಅಥವಾ ಚೂಪಾಗಿ ಮೂಡಬೇಕೆಂದು ನಿರ್ಧರಿಸುವ ಸೆಟ್ಟಿಂಗ್) ಇರಬೇಕು. ಶಾರ್ಪ್ ಕರ್ನೆಲ್‌ನಲ್ಲಿ ಇಲ್ಲದ ಎಂಫಿಸೀಮಾ ಲೆಕ್ಕಕ್ಕೆ ಸೇರಬಹುದು. ಬೀಡಿ ಬಿಟ್ಟ ಮೇಲೆ ಉರಿಯೂತ ತಗ್ಗಿ ಶ್ವಾಸಕೋಶದ ಸಾಂದ್ರತೆ ಇಳಿಯುವುದುಂಟು. ಆಗ ಎಂಫಿಸೀಮಾದ ಸಂಖ್ಯೆ ಏರಿದರೆ, ಬಿಟ್ಟಿದ್ದೇ ತಪ್ಪಾಯಿತು ಎಂದು ತಂದೆ ಖಂಡಿತ ತಿಳಿಯಬಾರದು.

ಕ್ಸೆನಾನ್-129 ಅನಿಲ ಸೇದಿಸಿ ಗಾಳಿ ಹೋಗದ ಜಾಗಗಳನ್ನು ತೋರಿಸುವ ಎಂಆರ್‌ಐಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಅದಕ್ಕೆ ಅನಿಲವನ್ನು ಎಂಆರ್‌ಐಗೆ ಕಾಣುವಂತೆ ಸಿದ್ಧಪಡಿಸುವ ಪೋಲರೈಸರ್ ಯಂತ್ರ, ಸಂಕೇತ ಹಿಡಿಯಲು ಕ್ಸೆನಾನ್‌ಗೇ ಹೊಂದಿಸಿದ ಕಾಯಿಲ್ ಬೇಕು. ಊರಿನ ಸ್ಕ್ಯಾನ್ ಸೆಂಟರ್‌ನ ಎಂಆರ್‌ಐಯಲ್ಲಿ ಆಗುವ ಮಾತಲ್ಲ. ಅದಕ್ಕಾಗಿ ಕಾಯಬೇಡಿ.

ಸಿಟಿಯಿಂದ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ ಎಂದು ವೈದ್ಯರನ್ನು ಕೇಳಿ. ತೀವ್ರ ಎಂಫಿಸೀಮಾದಲ್ಲಿ ಶ್ವಾಸನಾಳಕ್ಕೆ ವಾಲ್ವ್ ಹಾಕುವ ಯೋಚನೆಯಿದ್ದರೆ ಸಿಟಿ ಬೇಕೇ ಬೇಕು: ಶ್ವಾಸಕೋಶದ ಹಾಲೆಗಳನ್ನು (ವಿಭಾಗಗಳನ್ನು) ಬೇರ್ಪಡಿಸುವ ಸೀಳು, ಅಂದರೆ ಫಿಶರ್, ಪೂರ್ಣವಾಗಿಲ್ಲದಿದ್ದರೆ ಪಕ್ಕದ ಹಾಲೆಯಿಂದ ಗಾಳಿ ನುಗ್ಗಿ ವಾಲ್ವ್ ಕೆಲಸ ಮಾಡುವುದಿಲ್ಲ. ವರದಿಯ ಜೊತೆ ಚಿತ್ರಗಳ ಸಿಡಿಯನ್ನೂ ಪಡೆದಿಟ್ಟುಕೊಳ್ಳಿ.